ಜಾವಗಲ್ ಕಥೆ, ಆಕಾಶದಲ್ಲಿ, ತಮಿಳಿನಲ್ಲಿ

ಇವತ್ತಿನ ಸಂಚಿಕೆ ವಿಮಾನದಲ್ಲಿ ನೋಡೋ ಸಿನಿಮಾ ಬಗ್ಗೆ. ಕಥೆ ಶುರುವಾಗೋದು 38 ಸಾವಿರ ಅಡಿ ಎತ್ತರದಲ್ಲಿ, ಮುಗಿಯೋದು ಅರಸೀಕೆರೆ ತಾಲ್ಲೂಕಿನ ಒಂದು ರಸ್ತೆ ಬದಿಯಲ್ಲಿ.

ಎರಡು ವರ್ಷದ ಹಿಂದೆ ಅಪ್ಪನನ್ನು ಕರ್ಕೊಂಡು ಅಮೆರಿಕಕ್ಕೆ ಹೋದೆ. ಅಕ್ಕ ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾಳೆ. ಅಪ್ಪನಿಗೆ ಆಗ 74 ವರ್ಷ, ಮೊದಲ ವಿಮಾನ ಪ್ರಯಾಣ. ಬೆಂಗಳೂರಲ್ಲಿ ಹತ್ತಿ, ನಡುವೆ ಒಂದು ಕಡೆ ವಿಮಾನ ಬದಲಿಸಿ, ಅಲ್ಲಿಂದ ಮತ್ತೆ ಹದಿನೈದು ಗಂಟೆಗೂ ಮೇಲೆ ಕೂತಲ್ಲೇ ಕೂತಿರಬೇಕು. ಯಾವ ಕಂಪನಿಯ ವಿಮಾನ ಅಂತ ಹೇಳಲ್ಲ, ಅದು ಮುಖ್ಯ ಅಲ್ಲ.

ಅಪ್ಪ ಈಗ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಆದರೆ ವಯಸ್ಸಿನಲ್ಲಿ ಸುಮಾರು ಹತ್ತು ವರ್ಷ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಬಾಣಾವರ, ಜಾವಗಲ್, ಹಳೇಬೀಡು, ಬೇಲೂರಿನ ಸುತ್ತಮುತ್ತ ಟೆಂಟ್ ಎಲ್ಲಿ ಹೋಗತ್ತೋ ಅಲ್ಲಿಗೆ ಇವರು. ಟೂರಿಂಗ್ ಲೈಸೆನ್ಸ್ ಅಂದ್ರೆ ಒಂದೇ ಕಡೆ ಕಾಯಂ ಆಗಿ ಇರೋ ಹಾಗಿಲ್ಲ, ಅವಧಿ ಮುಗಿದ ಮೇಲೆ ಬಿಚ್ಚಬೇಕು, ಇನ್ನೊಂದು ಊರಲ್ಲಿ ಹಾಕಬೇಕು. ಫಿಲ್ಮ್ ಡಬ್ಬಗಳು ಬೆಂಗಳೂರಿನ ಗಾಂಧಿನಗರದಿಂದ ರೈಲಿನಲ್ಲಿ ಅರಸೀಕೆರೆ ಜಂಕ್ಷನ್‌ಗೆ ಬರೋದು, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ಊರಿಗೆ. ಸಂಜೆ ಮೈಕಿನಲ್ಲಿ ದೇವರ ಹಾಡು ಬಂತು ಅಂದ್ರೆ ಶೋ ಶುರುವಾಗತ್ತೆ ಅಂತ ಸುತ್ತಲ ಹಳ್ಳಿಗೆಲ್ಲ ಗೊತ್ತಾಗ್ತಿತ್ತು. ಒಂದೇ ಪ್ರೊಜೆಕ್ಟರ್. ರೀಲ್ ಬದಲಿಸೋವಾಗ ಲೈಟ್ ಹಾಕಬೇಕು, ರೀಲ್ ಕಟ್ಟಾದ್ರೆ ಅಂಟಿಸೋ ತನಕ ಶಿಳ್ಳೆ, ಬೈಗುಳ ಎಲ್ಲ ಕೇಳಿಸ್ಕೋಬೇಕು.

ಹೀಗಾಗಿ ವಿಮಾನ ಹತ್ತಿ, ಮುಂದಿನ ಸೀಟಿನ ಬೆನ್ನಿಗೆ ಅಂಟಿದ್ದ ಸ್ಕ್ರೀನ್ ನೋಡಿದ ತಕ್ಷಣ ಅಪ್ಪ ಕೇಳಿದ್ದು, 'ಸಿನಿಮಾ ಎಲ್ಲಿಂದ ಬಿಡ್ತಾರೋ ಇದಕ್ಕೆ?'

ನಾನು ಸರ್ವರ್ ಅಂದೆ, ಹಾರ್ಡ್ ಡಿಸ್ಕ್ ಅಂದೆ. ಅಪ್ಪ ತಲೆ ಆಡಿಸಿದರು, ಆದರೆ ಕಣ್ಣು ಕ್ಯಾಬಿನ್ನಿನ ಮೇಲ್ಭಾಗದಲ್ಲೇ ಹುಡುಕ್ತಿತ್ತು. ತಮಾಷೆ ಅಂದ್ರೆ, ಅವರು ಅರವತ್ತು ವರ್ಷ ತಡವಾಗಿ ಸರಿಯಾದ ಜಾಗದಲ್ಲೇ ಹುಡುಕ್ತಿದ್ದರು. ಒಂದು ಕಾಲದಲ್ಲಿ ಪ್ರೊಜೆಕ್ಟರ್ ಇದ್ದಿದ್ದು ಅಲ್ಲೇ.

ಇಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

1921. ಶಿಕಾಗೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೀತಿತ್ತು. ಏರೋಮರೀನ್ ಅನ್ನೋ ಕಂಪನಿ ತನ್ನ ನೀರಿನ ಮೇಲಿಂದ ಹಾರೋ ವಿಮಾನದಲ್ಲಿ ಪ್ರಯಾಣಿಕರನ್ನ ಕೂರಿಸಿಕೊಂಡು ನಗರದ ಮೇಲೆ ಸುತ್ತು ಹೊಡೆಸ್ತಾ, ಒಳಗೆ 'ಹೌಡಿ ಶಿಕಾಗೋ' ಅನ್ನೋ ಚಿಕ್ಕ ಚಿತ್ರ ತೋರಿಸಿತು. ಕೆಳಗೆ ಶಿಕಾಗೋ, ಪರದೆ ಮೇಲೂ ಶಿಕಾಗೋ. ಕಿಟಕಿಯಲ್ಲಿ ನೋಡಿದ್ರೆ ಸಾಕಾಗ್ತಿತ್ತಲ್ವಾ ಅಂತ ಕೇಳಬೇಡಿ, ಜಾಹೀರಾತಿಗೆ ತರ್ಕ ಇರಲ್ಲ.

ನಾಲ್ಕು ವರ್ಷ ಆದ ಮೇಲೆ, 1925ರ ಏಪ್ರಿಲ್‌ನಲ್ಲಿ, ಲಂಡನ್ ಹತ್ತಿರ ಇಂಪೀರಿಯಲ್ ಏರ್‌ವೇಸ್ 'ದಿ ಲಾಸ್ಟ್ ವರ್ಲ್ಡ್' ತೋರಿಸಿತು. ಡೈನೋಸಾರ್‌ಗಳ ಮೂಕಿ ಚಿತ್ರ. ವಿಮಾನ ಯಾವುದು ಅಂದ್ರೆ, ಮೊದಲ ಮಹಾಯುದ್ಧದ ಬಾಂಬರ್ ಮಾದರಿಯನ್ನ ಪ್ರಯಾಣಿಕರಿಗೆ ಅಂತ ಬದಲಿಸಿದ್ದು. ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಆ ಕಾಲದ ಫಿಲ್ಮು ನೈಟ್ರೇಟ್‌ನದ್ದು, ಬೆಂಕಿ ತಗುಲಿದ್ರೆ ಭಗ್ಗಂತ ಹೊತ್ತಿಕೊಳ್ಳತ್ತೆ. ಇದನ್ನ ಅಪ್ಪನಿಗೆ ಹೇಳಿದಾಗ ಸೀಟಿನಲ್ಲಿ ನೆಟ್ಟಗೆ ಕೂತುಬಿಟ್ಟರು. ಅಪ್ಪನ ಕಾಲಕ್ಕೆ ಸೇಫ್ಟಿ ಫಿಲ್ಮ್ ಬಂದಿತ್ತು, ಆದರೂ ಪ್ರೊಜೆಕ್ಟರ್ ಒಳಗೆ ಕಾರ್ಬನ್ ಕಡ್ಡಿ ಉರೀತಿರತ್ತೆ, ಮೇಲೆ ಟೆಂಟ್ ಬಟ್ಟೆ, ಕೆಳಗೆ ನೂರಾರು ಜನ. ಪಕ್ಕದಲ್ಲಿ ಮರಳಿನ ಬಕೆಟ್ ಇಲ್ಲದೆ ಇವರು ಶೋ ಶುರು ಮಾಡ್ತಿರಲಿಲ್ಲವಂತೆ. 'ಅವರಿಗೆ ಧೈರ್ಯ ಜಾಸ್ತಿ ಇತ್ತೋ, ಬುದ್ಧಿ ಕಡಿಮೆ ಇತ್ತೋ' ಅಂದರು.

ಇವೆಲ್ಲ ಒಂದು ದಿನದ ಸರ್ಕಸ್ಸು. ದಿನಾ ಬಿಡೋ ವಿಮಾನದಲ್ಲಿ ದಿನಾ ಸಿನಿಮಾ ಅನ್ನೋದು ಬಂದಿದ್ದು 1961ರಲ್ಲಿ. ತಂದವನು ವಿಮಾನದ ಎಂಜಿನಿಯರ್ ಅಲ್ಲ, ಟಾಕೀಸ್ ಮಾಲೀಕ. ಹೆಸರು ಡೇವಿಡ್ ಫ್ಲೆಕ್ಸರ್, ಅಮೆರಿಕದ ಮೆಂಫಿಸ್ ಕಡೆಯಲ್ಲಿ ಚಿತ್ರಮಂದಿರಗಳನ್ನ ನಡೆಸ್ತಿದ್ದವನು. ದೂರದ ವಿಮಾನ ಪ್ರಯಾಣದಲ್ಲಿ ಬೋರಾಗಿ ಈ ಯೋಚನೆ ಬಂತಂತೆ. ಪೂರ್ತಿ ಸಿನಿಮಾ ಹಿಡಿಸೋ ಸುಮಾರು 25 ಇಂಚು ಅಗಲದ ಒಂದೇ ರೀಲು, 16 ಎಂಎಂ ಫಿಲ್ಮು, ಜಾಗ ಕಡಿಮೆ ಇರೋದ್ರಿಂದ ರೀಲನ್ನ ನಿಲ್ಲಿಸದೆ ಮಲಗಿಸಿ ಓಡಿಸೋ ಯಂತ್ರ. ಇದನ್ನ ವಿಮಾನದ ಸೂರಿಗೆ ಅಳವಡಿಸಿದರು. 1961ರ ಜುಲೈ 19ರಂದು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಹೊರಟ ಟಿಡಬ್ಲ್ಯೂಎ ವಿಮಾನದಲ್ಲಿ ಲಾನಾ ಟರ್ನರ್ ನಟಿಸಿದ 'ಬೈ ಲವ್ ಪೊಸೆಸ್ಡ್' ಓಡಿತು. ಫಸ್ಟ್ ಕ್ಲಾಸಿನವರಿಗೆ ಮಾತ್ರ.

'ಒಂದೇ ರೀಲಾ? ಬದಲಿಸೋ ಹಂಗೇ ಇಲ್ವಾ?' ಅಂತ ಅಪ್ಪ ಎರಡು ಸಲ ಕೇಳಿದರು. ಹತ್ತು ವರ್ಷ ಇಪ್ಪತ್ತಿಪ್ಪತ್ತು ನಿಮಿಷಕ್ಕೆ ರೀಲ್ ಬದಲಿಸಿದ ಮನುಷ್ಯನಿಗೆ ಆ ಒಂದು ವಿಷಯದ ಬೆಲೆ ನಮಗಿಂತ ಜಾಸ್ತಿ ಗೊತ್ತು.

ಆಮೇಲೆ ಸೌಂಡಿನ ಸಮಸ್ಯೆ. ಎಂಜಿನ್ ಸದ್ದಿನಲ್ಲಿ ಸ್ಪೀಕರ್ ಹಾಕೋ ಹಾಗಿಲ್ಲ. 1963ರ ಹೊತ್ತಿಗೆ ಡಾಕ್ಟರ ಸ್ಟೆತಾಸ್ಕೋಪಿನ ಥರದ ಹೆಡ್‌ಸೆಟ್ ಬಂತು. ಅದರಲ್ಲಿ ವೈರ್ ಇಲ್ಲ, ಟೊಳ್ಳು ಕೊಳವೆ. ಸೀಟಿನ ಕೈಯಲ್ಲಿ ಪುಟ್ಟ ಸ್ಪೀಕರ್, ಸದ್ದು ಗಾಳಿಯಲ್ಲೇ ಕೊಳವೆ ಹಾದು ಕಿವಿಗೆ ಬರತ್ತೆ. ಮುಂದೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಎಕಾನಮಿಯವರಿಗೆ ಈ ಹೆಡ್‌ಸೆಟ್ ಬಾಡಿಗೆ ಎರಡೂವರೆ ಡಾಲರ್ ಅಂತಾಯ್ತು. ಕಾಸು ಕೊಡದವರು ಸುಮ್ಮನೆ ಪರದೆ ನೋಡ್ತಾ ಕೂರೋದು. ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ ಇತ್ತು, ಆದರೆ ಮಾತು ಮೂವರಿಗೂ ಒಂದೇ ಕೇಳಿಸ್ತಿತ್ತು. ಆಕಾಶದಲ್ಲಿ ಮಾತಿಗೂ ಟಿಕೆಟ್ಟು.

ಒಂದು ದೊಡ್ಡ ಪರದೆ, ಎಲ್ಲರಿಗೂ ಒಂದೇ ಸಿನಿಮಾ ಅನ್ನೋದು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ನಡೀತು. ಮಕ್ಕಳು, ಅಜ್ಜಿಯರು, ಪಾದ್ರಿಗಳು ಎಲ್ಲ ಒಟ್ಟಿಗೆ ನೋಡಬೇಕಾದ್ದರಿಂದ ಕತ್ತರಿ ಜೋರು. ಅದರಲ್ಲೂ ವಿಮಾನ ಬೀಳೋ ದೃಶ್ಯ ಇದ್ದರಂತೂ ಹೋಯ್ತು. 1988ರ 'ರೇನ್ ಮ್ಯಾನ್' ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ ಪಾತ್ರ ಒಂದೊಂದು ವಿಮಾನ ಕಂಪನಿಯ ಅಪಘಾತವನ್ನೂ ನೆನಪಿನಿಂದ ಒದರಿ, ಕ್ವಾಂಟಾಸ್ ಮಾತ್ರ ಯಾವತ್ತೂ ಬಿದ್ದಿಲ್ಲ ಅನ್ನತ್ತೆ. ಬಹುತೇಕ ಕಂಪನಿಗಳು ಆ ದೃಶ್ಯ ಕತ್ತರಿಸಿ ತೋರಿಸಿದವು. ಕ್ವಾಂಟಾಸ್ ಮಾತ್ರ ಹಾಗೇ ಬಿಟ್ಟಿತು.

ಅದೇ 1988ರಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಕಂಪನಿ ಒಂದು 747 ವಿಮಾನದ ಸೀಟುಗಳ ಬೆನ್ನಿಗೆ 2.7 ಇಂಚಿನ ಪರದೆ ಕೂರಿಸಿ ಪರೀಕ್ಷೆ ಮಾಡಿತು. ನಿಮ್ಮ ಕೈಯಲ್ಲಿರೋ ಫೋನಿನ ಅರ್ಧಕ್ಕಿಂತ ಚಿಕ್ಕದು. ಆದರೆ ಅಲ್ಲಿಂದ ಆಟ ಬದಲಾಯ್ತು. ಎಲ್ಲರೂ ಒಂದೇ ಚಿತ್ರ ನೋಡಬೇಕಾಗಿಲ್ಲ. ಹಾಗಂದ ಮೇಲೆ, ಯಾವ್ಯಾವ ಭಾಷೆಯ ಚಿತ್ರ ಇಡಬೇಕು ಅನ್ನೋ ಪ್ರಶ್ನೆ ಬಂದೇ ಬಂತು.

ಈಗ ವಾಪಸ್ ನಮ್ಮ ಸೀಟಿಗೆ.

ನಾನು ಅಪ್ಪನ ಸ್ಕ್ರೀನಿನಲ್ಲಿ ಭಾರತೀಯ ಚಿತ್ರಗಳ ಪಟ್ಟಿ ತೆಗೆದೆ. ಹಿಂದಿ ಇತ್ತು. ತಮಿಳು, ತೆಲುಗು, ಮಲಯಾಳಂ ಇತ್ತು. ಮರಾಠಿ, ಪಂಜಾಬಿ ಕೂಡ ಇತ್ತು. ಕನ್ನಡ ಇರಲಿಲ್ಲ. ಪಕ್ಕಕ್ಕೆ ತಳ್ಳಿದೆ, ಕೆಳಗೆ ತಳ್ಳಿದೆ, ಹಿಂದಕ್ಕೆ ಬಂದು ಮತ್ತೆ ಹುಡುಕಿದೆ. ಬೆಂಗಳೂರಿನಿಂದ ಹೊರಟ ಪ್ರಯಾಣ ಇದು. ನನಗೆ ಸಿಟ್ಟು ಬಂತು. ಅಪ್ಪನಿಗೆ ಬರಲಿಲ್ಲ. 'ಇರ್ಲಿ ಬಿಡೋ, ಮ್ಯಾಪೇ ಚೆನ್ನಾಗದೆ' ಅಂದು ಪುಟ್ಟ ವಿಮಾನ ಭೂಪಟದ ಮೇಲೆ ತೆವಳೋದನ್ನ ನೋಡ್ತಾ ಕೂತರು.

ಒಂದೆರಡು ಗಂಟೆ ಆದ ಮೇಲೆ ಕಾಲು ಜೋಮು ಹಿಡೀತು ಅಂತ ಎದ್ದು ಓಡಾಡೋಕೆ ಹೋದರು. ದೀಪ ಆರಿಸಿದ್ದರು. ತುಂಬಾ ಹೊತ್ತಾದರೂ ಬರಲಿಲ್ಲ ಅಂತ ನೋಡೋಕೆ ಹೋದೆ. ಹಿಂದಿನ ಸಾಲುಗಳ ನಡುವೆ ನಿಧಾನಕ್ಕೆ ನಡೀತಾ, ಒಂದೊಂದು ಸೀಟಿನ ಮುಂದಿನ ಚಿತ್ರವನ್ನೂ ನೋಡ್ತಾ ಬರ್ತಿದ್ದರು. ಒಂದರಲ್ಲಿ ಕಾರು ಉರುಳ್ತಿದೆ, ಒಂದರಲ್ಲಿ ಮದುವೆ, ಒಂದರಲ್ಲಿ ಯಾರೋ ಅಳ್ತಿದ್ದಾರೆ, ಒಂದರಲ್ಲಿ ಕಾರ್ಟೂನ್ ಮೀನು. ಯಾವುದಕ್ಕೂ ಸದ್ದಿಲ್ಲ.

'ಹಳೇಬೀಡಿನ ಗೋಡೆ ಸುತ್ತಿದಂಗೆ ಆಯ್ತು ಕಣೋ' ಅಂದರು.

ಹಳೇಬೀಡಲ್ಲಿ ಟೆಂಟ್ ಹಾಕಿದಾಗ ಅಪ್ಪನಿಗೆ ಹಗಲು ಕೆಲಸ ಇರ್ತಿರಲಿಲ್ಲ, ಹೊಯ್ಸಳೇಶ್ವರ ದೇವಸ್ಥಾನ ಸುತ್ತುತ್ತಿದ್ದರು. ನೋಡಿದವರಿಗೆ ಗೊತ್ತು: ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಕುದುರೆ, ಬಳ್ಳಿ, ಇನ್ನೂ ಮೇಲೆ ಪಟ್ಟಿ ಪಟ್ಟಿಯಾಗಿ ರಾಮಾಯಣ, ಮಹಾಭಾರತ. ಕಥೆ ಕಲ್ಲಿನಲ್ಲಿ ನಿಂತಿರತ್ತೆ, ನಡೆಯೋರು ನಾವು. ನಮ್ಮನ್ನ ಚಿಕ್ಕಂದಿನಲ್ಲಿ ಕರ್ಕೊಂಡು ಹೋದಾಗ ಅಪ್ಪ ಇದನ್ನ ಆಪರೇಟರ್ ಭಾಷೆಯಲ್ಲೇ ಹೇಳ್ತಿದ್ದರು: ಇಲ್ಲಿ ರೀಲು ಓಡಲ್ಲ, ನಾವೇ ಓಡಬೇಕು. ಒಂಬೈನೂರು ವರ್ಷದ ಹಿಂದಿನ ಆ ಗುಡಿ, ಬೇಲೂರು, ಸೋಮನಾಥಪುರದ ಗುಡಿಗಳ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆ ಗೋಡೆ ಓದೋಕೆ ಯಾವ ಭಾಷೆಯೂ ಬೇಕಾಗಿಲ್ಲ. ಸೀಟಿನ ಸ್ಕ್ರೀನ್ ಹಾಗಲ್ಲ.

ವಾಪಸ್ ಬಂದು ಕೂತ ಮೇಲೆ ಇನ್ನೊಂದು ಸಲ ಪಟ್ಟಿ ನೋಡೋಣ ಅಂತ ತಮಿಳಿನ ಸಾಲಿಗೆ ಹೋದೆ. ಅಲ್ಲಿ 'ಸೂರರೈ ಪೊಟ್ರು' ಇತ್ತು. ಸೂರ್ಯ ನಾಯಕ, ಸುಧಾ ಕೊಂಗರ ನಿರ್ದೇಶನ, 2020ರ ನವೆಂಬರ್‌ನಲ್ಲಿ ಒಟಿಟಿಯಲ್ಲಿ ಬಂದಿದ್ದು. ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರ. ಆಮೇಲೆ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ನಾನು ಅಪ್ಪನಿಗೆ ಅಂದೆ, 'ಇದು ಯಾರ ಕಥೆ ಗೊತ್ತಾ? ಕ್ಯಾಪ್ಟನ್ ಗೋಪಿನಾಥ್ ಕಥೆ.'

ಅಪ್ಪ ತಿರುಗಿ ನೋಡಿದರು. 'ಯಾರು, ನಮ್ಮ ಜಾವಗಲ್‌ನಲ್ಲಿ ತೋಟ ಮಾಡಿದ್ರಲ್ಲ, ಅವರಾ?'

ಅವರೇ. ಜಾವಗಲ್ ಅಂದ್ರೆ ನಿಮಗೆ ಶ್ರೀನಾಥ್ ನೆನಪಾಗಬಹುದು, ನಮ್ಮ ಕಡೆಯವರಿಗೆ ಇನ್ನೊಂದು ಹೆಸರೂ ನೆನಪಾಗತ್ತೆ. ಜಿ.ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೇನೆಯಲ್ಲಿದ್ದರು, 1971ರ ಯುದ್ಧ ಕಂಡವರು, ಇಪ್ಪತ್ತೆಂಟನೇ ವಯಸ್ಸಿಗೆ ಬಿಟ್ಟು ಊರಿಗೆ ಬಂದರು. ಹೇಮಾವತಿ ಅಣೆಕಟ್ಟಿನಲ್ಲಿ ಮನೆಯವರ ಜಮೀನು ಮುಳುಗಿತ್ತು. ಅದರ ಬದಲಿಗೆ ಸಿಕ್ಕಿದ ಬರಡು ಜಮೀನು ಇದ್ದಿದ್ದು ಜಾವಗಲ್ ಹತ್ತಿರ, ಅರಸೀಕೆರೆ ತಾಲ್ಲೂಕಿನಲ್ಲಿ. ಅಲ್ಲಿ ರೇಷ್ಮೆ ಬೆಳೆದರು. ಆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹಾಸನದಲ್ಲಿ ಎನ್‌ಫೀಲ್ಡ್ ಬೈಕಿನ ಡೀಲರ್ ಆದರು, ಹೋಟೆಲ್ ಮಾಡಿದರು, ಮುಂದೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್.

ಏರ್ ಡೆಕ್ಕನ್ನಿನ ಲೆಕ್ಕಾಚಾರವೇ ಬೇರೆ. ಟಿಕೆಟ್ ಅಗ್ಗ, ಊಟ ಪುಕ್ಕಟೆ ಇಲ್ಲ, ಸಿನಿಮಾ ಗಿನಿಮಾ ಕೇಳಲೇಬೇಡಿ. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಕಂಪನಿಯ ಗುರುತು. ಎರಡು ವರ್ಷ ಆದ ಮೇಲೆ, 2005ರ ಮೇ ತಿಂಗಳಲ್ಲಿ, ಅದೇ ಬೆಂಗಳೂರಿನ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಹಾರಿತು. ಅಲ್ಲಿ ದೇಶದೊಳಗಿನ ಹಾರಾಟದಲ್ಲೂ ಸೀಟಿಗೊಂದು ಸ್ಕ್ರೀನ್. ಭಾರತಕ್ಕೆ ಅದು ಹೊಸದು. ಒಂದು ಊರು, ಎರಡು ಕಂಪನಿ: ಒಬ್ಬರು ಸ್ಕ್ರೀನ್ ತೆಗೆದು ಟಿಕೆಟ್ ಇಳಿಸಿದರು, ಇನ್ನೊಬ್ಬರು ಸ್ಕ್ರೀನ್ ತೋರಿಸಿ ಟಿಕೆಟ್ ಮಾರಿದರು. 2007ರಲ್ಲಿ ಸ್ಕ್ರೀನ್ ಇದ್ದ ಕಡೆಯವರು ಸ್ಕ್ರೀನ್ ಇಲ್ಲದ ಕಂಪನಿಯ ಪಾಲು ಕೊಂಡರು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೂ ಹಾರಿಸಿದರು. 2012ರ ಅಕ್ಟೋಬರ್‌ಗೆ ಎಲ್ಲ ನಿಂತುಹೋಯ್ತು. ಆ ಪತನದ ಕಥೆ ದೊಡ್ಡದು, ಇನ್ನೊಂದು ಸಂಚಿಕೆಗೆ ಇರಲಿ.

ಅಂತೂ ಸಿನಿಮಾನೇ ಇಲ್ಲದ ವಿಮಾನ ಹಾರಿಸಿದ ಮನುಷ್ಯ ತಾನೇ ಸಿನಿಮಾ ಆಗಿ ವಿಮಾನದೊಳಗೆ ಬಂದಿದ್ದಾರೆ. 'ಸಿಂಪ್ಲಿ ಫ್ಲೈ' ಅನ್ನೋ ಅವರ ಆತ್ಮಕಥೆ ಆ ಚಿತ್ರಕ್ಕೆ ಆಧಾರ. ಆದರೆ ಚಿತ್ರದಲ್ಲಿ ಗೊರೂರಿಲ್ಲ, ಜಾವಗಲ್ ಇಲ್ಲ. ನಾಯಕನ ಊರು ಮದುರೆ ಹತ್ತಿರದ ಶೋಲವಂದಾನ್. ಭೂಸೇನೆ ಹೋಗಿ ವಾಯುಸೇನೆ ಆಗಿದೆ. ತಪ್ಪು ಅಂತ ನಾನು ಹೇಳಲ್ಲ, ತಮಿಳು ಚಿತ್ರ ಮಾಡೋರು ತಮಿಳು ಊರನ್ನೇ ಆರಿಸ್ತಾರೆ. ಅಪ್ಪ ಇಂಗ್ಲಿಷ್ ಸಬ್‌ಟೈಟಲ್ ಓದಲಾರರು. ತಮಿಳು ಅಷ್ಟಿಷ್ಟು ಅರ್ಥ ಆಗತ್ತೆ, ಟೆಂಟಿನಲ್ಲಿ ಎಂಜಿಆರ್, ಶಿವಾಜಿ ಚಿತ್ರ ಎಷ್ಟು ಓಡಿಸಿದ್ದಾರೋ. ನಾನು ಪಕ್ಕದಲ್ಲಿ ಕೂತು ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳ್ತಾ ಹೋದೆ. ಹಿಂದಿನ ಸೀಟಿನವರು ಒಂದು ಸಲ ಕೆಮ್ಮಿದರು, ಎರಡು ಸಲ ಕೆಮ್ಮಿದರು.

ನಾಯಕ ಊರಿಗೆ ಹೋಗೋಕೆ ಟಿಕೆಟ್ಟಿಗೆ ದುಡ್ಡು ಸಾಲದೆ ವಿಮಾನ ನಿಲ್ದಾಣದಲ್ಲಿ ಎಲ್ಲರ ಮುಂದೆ ಕೈಚಾಚೋ ದೃಶ್ಯ ಇದೆಯಲ್ಲ. ಅಲ್ಲಿ ಅಪ್ಪ ಅತ್ತರು. ಸದ್ದಿಲ್ಲದೆ, ಟವೆಲ್ಲು ಮುಖಕ್ಕಿಟ್ಟುಕೊಂಡು. ನನ್ನ ಅನುವಾದ ಅಲ್ಲಿಗೆ ನಿಂತಿತು. ವಿಮಾನದಲ್ಲಿ ಅಳು ಬೇಗ ಬರತ್ತೆ ಅಂತಾರೆ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರೋ ಹಾಗೆ ಇರತ್ತೆ. ಅಂದ್ರೆ ಮುಳ್ಳಯ್ಯನಗಿರಿ ನೆತ್ತಿಯ ಮೇಲೆ ಹದಿನೈದು ಗಂಟೆ ನಿದ್ದೆಗೆಟ್ಟು ಕೂತ ಹಾಗೆ. ಅದೂ ಕಾರಣ ಇರಬಹುದು. ನನಗೆ ಅದೊಂದೇ ಅನ್ನಿಸಲ್ಲ.

ಸರಿ, ಕನ್ನಡ ಯಾಕಿರಲಿಲ್ಲ?

ಪಟ್ಟಿ ಹೇಗೆ ತಯಾರಾಗತ್ತೆ ಅಂತ ಮೊದಲು ನೋಡಿ. ವಿಮಾನ ಕಂಪನಿಗಳು ಸಾಮಾನ್ಯವಾಗಿ ನಿರ್ಮಾಪಕರ ಹತ್ತಿರ ನೇರವಾಗಿ ಹೋಗಲ್ಲ. ನಡುವೆ ಚಿತ್ರ ಒದಗಿಸೋ ಕಂಪನಿಗಳಿವೆ. ಅವು ಹಕ್ಕು ತಂದು, ಚಿತ್ರವನ್ನ ವಿಮಾನದ ವ್ಯವಸ್ಥೆಗೆ ಹೊಂದೋ ಫೈಲ್ ಮಾಡಿ, ಧ್ವನಿ, ಸಬ್‌ಟೈಟಲ್ ಜೋಡಿಸಿ ಕೊಡ್ತವೆ. ಕೆಲವು ತಿಂಗಳ ಹಕ್ಕು, ಮುಗಿದ ಮೇಲೆ ಹೊಸ ಚಿತ್ರ. ಯಾವ ದಾರಿಯಲ್ಲಿ ಯಾವ ಭಾಷೆಯವರು ಹಾರ್ತಾರೆ ಅನ್ನೋ ಅಂದಾಜಿನ ಮೇಲೆ ಭಾಷೆ ತೀರ್ಮಾನ. ಬೆಂಗಳೂರಿನಿಂದ ಹಾರೋರು ಅಂದ್ರೆ ಹಿಂದಿ, ಇಂಗ್ಲಿಷ್, ತಮಿಳು, ತೆಲುಗು ಬರೋರು ಅಂತ ಎಲ್ಲೋ ಕೂತವರು ಲೆಕ್ಕ ಹಾಕಿಬಿಟ್ಟರೆ ಮುಗೀತು. ಕನ್ನಡದವನಿಗೆ ನಾಲ್ಕು ಭಾಷೆ ಬರತ್ತೆ ಅನ್ನೋ ನಮ್ಮ ಹೆಮ್ಮೆ ಅಲ್ಲಿ ನಮಗೇ ತಿರುಗತ್ತೆ.

ಇನ್ನೊಂದು ಕಾರಣ ನಮ್ಮ ಮನೆಯೊಳಗಿನದು. ವಿಮಾನದ ಸ್ಕ್ರೀನಿಗೆ ಭಾಷೆ ಬರೋದು ಎರಡು ದಾರಿಯಲ್ಲಿ: ಆ ಭಾಷೆಯದೇ ಚಿತ್ರ, ಇಲ್ಲವೇ ಬೇರೆ ಚಿತ್ರಕ್ಕೆ ಆ ಭಾಷೆಯ ಧ್ವನಿ. ಎರಡನೇ ದಾರಿಯನ್ನ ನಾವು 1960ರ ದಶಕದಲ್ಲೇ ಮುಚ್ಚಿದ್ದೆವು. ಆಗ ಕನ್ನಡ ಚಿತ್ರಗಳು ಬಹುಪಾಲು ತಯಾರಾಗ್ತಿದ್ದಿದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಕೆಲವೇ ಚಿತ್ರ, ಬೆಂಗಳೂರಿನ ಟಾಕೀಸುಗಳಲ್ಲೇ ಜಾಗ ಇಲ್ಲ. ಡಬ್ಬಿಂಗ್ ಬಂದರೆ ಇರೋ ನಟರು, ತಂತ್ರಜ್ಞರೂ ಉಳಿಯಲ್ಲ ಅಂತ ಅ.ನ.ಕೃ. ಅವರಂಥ ಸಾಹಿತಿಗಳು, ಕಲಾವಿದರು, ಹೋರಾಟಗಾರರು ಎದ್ದು ನಿಂತರು. ಕಾನೂನು ಅಂತ ಏನೂ ಆಗಲಿಲ್ಲ, ಆದರೆ ಡಬ್ಬಿಂಗ್ ನಿಂತಿತು. ಆ ನೆರಳಿನಲ್ಲೇ ಕನ್ನಡ ಚಿತ್ರರಂಗ ಬೆಳೀತು. ಅಪ್ಪ ಹೆಮ್ಮೆಯಿಂದ ಹೇಳೋ ಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಬೇಲೂರಿನ ಶಿಲ್ಪಿಯ ಕಥೆಯನ್ನ ಬೇಲೂರಿನ ಹತ್ತಿರವೇ ಟೆಂಟಿನಲ್ಲಿ ಓಡಿಸಿದಾಗ ಜನ ಗಾಡಿ ಕಟ್ಟಿಕೊಂಡು ಬಂದಿದ್ದರಂತೆ.

ಅಂದಿನ ನಿರ್ಧಾರ ಅಂದಿಗೆ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅದನ್ನ ಐವತ್ತು ವರ್ಷ ಎಳೆದಿದ್ದು ಸರಿಯಲ್ಲ. ಕಾರ್ಟೂನ್ ಚಾನೆಲ್ ಬಂತು, ಡಿವಿಡಿ ಬಂತು, ಸೀಟಿನ ಬೆನ್ನಿಗೆ ಸ್ಕ್ರೀನ್ ಬಂತು, ಒಟಿಟಿ ಬಂತು. ಪ್ರತಿ ಸಲವೂ ಧ್ವನಿ ಆಯ್ಕೆಯ ಪಟ್ಟಿಯಲ್ಲಿ ತಮಿಳು, ತೆಲುಗು ಸೇರಿಕೊಂಡವು, ನಮ್ಮ ಜಾಗ ಖಾಲಿ ಉಳೀತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ಸ್ಪರ್ಧೆಗೆ ವಿರುದ್ಧ ಅಂತ ಆದೇಶ ಕೊಟ್ಟು ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಅಂತ ಒಂದು ತಮಿಳು ಚಿತ್ರ ಕನ್ನಡದಲ್ಲಿ ಬಂತು. ಮುಂದಿನ ವರ್ಷ ಕೊನೆಗೆ 'ಕೆಜಿಎಫ್' ಕನ್ನಡದಿಂದ ಬೇರೆ ಭಾಷೆಗಳಿಗೆ ಹೋಯ್ತು, 2022ರಲ್ಲಿ 'ಕಾಂತಾರ'. ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಬೇರೊಂದು ಪ್ರಯಾಣದಲ್ಲಿ ನಾನೇ ಪಟ್ಟಿಯಲ್ಲಿ ಎರಡು ಕನ್ನಡ ಚಿತ್ರ ನೋಡಿದ್ದೀನಿ. ಒಂದನ್ನ ಆಗಲೇ ನೋಡಿದ್ದರೂ ಒತ್ತಿದೆ, ಲೆಕ್ಕಕ್ಕೆ ಸಿಗಲಿ ಅಂತ.

ಆ ತಮಿಳು ಚಿತ್ರಕ್ಕೂ ಕನ್ನಡ ಧ್ವನಿ ಇದೆ, ಒಟಿಟಿಯಲ್ಲಿ ತಮಿಳಿನ ಜೊತೆಗೇ ಬಂದಿತ್ತು. ನಮ್ಮ ವಿಮಾನದಲ್ಲಿ ಮಾತ್ರ ಇರಲಿಲ್ಲ. ಇದನ್ನ ಅಪ್ಪನಿಗೆ ಹೇಳಿದ್ದು ಊರಿಗೆ ವಾಪಸ್ ಬಂದ ಮೇಲೆ. ಒಂದು ಭಾನುವಾರ ಬಾಣಾವರದಿಂದ ಜಾವಗಲ್ ಕಡೆ ಕಾರಿನಲ್ಲಿ ಹೋಗ್ತಿದ್ವಿ. ಹಳೇ ಟೆಂಟ್ ಹಾಕ್ತಿದ್ದ ಬಯಲು ಅಂತ ಅಪ್ಪ ಒಂದು ಕಡೆ ನಿಲ್ಲಿಸಿದರು. ಈಗ ಅಲ್ಲಿ ತೆಂಗಿನ ಸಸಿ ನೆಟ್ಟಿದ್ದಾರೆ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಕನ್ನಡದ್ದು ಹಾಕಿಕೊಟ್ಟೆ. ಐದು ನಿಮಿಷ ನೋಡಿ, 'ಮಾತು ಬಾಯಿಗೆ ಸರಿಯಾಗಿ ಕೂತಿಲ್ಲ' ಅಂದರು. ಫೋನ್ ಮಾತ್ರ ವಾಪಸ್ ಕೊಡಲಿಲ್ಲ.

ವಿಮಾನ ನಿಲ್ದಾಣದ ದೃಶ್ಯ ಬರೋ ಹೊತ್ತಿಗೆ ಸಿಗ್ನಲ್ ಹೋಯ್ತು. ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾ ನಿಂತುಬಿಟ್ಟಿತು. ಅಪ್ಪ ಒಂದು ಕ್ಷಣ ಕಾದು, ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಶಿಳ್ಳೆ ಹೊಡೆದರು.